ಗಂಟಲುಬೇನೆಯ ಜ್ವರ ಮತ್ತು ಗುಲ್ಮದ ಜೋಪಾನ

ಮುಂಗಾರಿನ ಜಿಟಿಜಿಟಿ ಮಳೆ ಹಿಡಿಯುತ್ತಿದ್ದಂತೆ ಧಾರವಾಡದ ವಸತಿನಿಲಯಗಳೂ ಪ್ರಸಾದನಿಲಯಗಳೂ ವಿದ್ಯಾರ್ಥಿಗಳಿಂದ ತುಂಬುತ್ತವೆ. ಒಬ್ಬನು ಕಚ್ಚಿ ಕುಡಿದ ಲೋಟ ಮತ್ತೊಬ್ಬನ ಕೈಗೆ ಹೋಗುವುದನ್ನು ತರುಣರ ಸ್ನೇಹವೆಂದು ನಾವು ಸುಮ್ಮನಿರುತ್ತೇವೆ. ಆದರೆ ಎಂಜಲಿನಿಂದಲೇ ಹರಡುವ ಜ್ವರವೊಂದುಂಟು. ವೈದ್ಯರು ಅದನ್ನು ಇನ್‌ಫೆಕ್ಷಿಯಸ್ ಮಾನೋನ್ಯೂಕ್ಲಿಯೋಸಿಸ್ ಎನ್ನುತ್ತಾರೆ. 1964ರಲ್ಲಿ ಗುರುತಿಸಲ್ಪಟ್ಟ ಎಪ್‌ಸ್ಟೀನ್-ಬಾರ್ ವೈರಾಣು ಇದಕ್ಕೆ ಮುಖ್ಯ ಕಾರಣ. ನಮ್ಮ ದೇಶದಲ್ಲಿ ಬಹುಪಾಲು ಮಕ್ಕಳಿಗೆ ಇದು ಎಳವೆಯಲ್ಲಿಯೇ ತಗುಲಿ ಸದ್ದಿಲ್ಲದೆ ಹೋಗುತ್ತದೆ. ಹದಿಹರೆಯದಲ್ಲಿ ಮೊದಲಬಾರಿಗೆ ತಗುಲಿದರೆ ಜ್ವರ, ತೀವ್ರ ಗಂಟಲುನೋವು, ಕುತ್ತಿಗೆಯಲ್ಲಿ ಗಡ್ಡೆ, ವಾರಗಟ್ಟಲೆ ಬಿಡದ ಆಯಾಸ ಕಾಣಿಸಿಕೊಳ್ಳುತ್ತವೆ.

ಜ್ವರ ತಾನಾಗಿಯೇ ಇಳಿಯುತ್ತದೆ. ಚಿಂತೆಯಿರುವುದು ಗುಲ್ಮದ್ದು. ಆಯುರ್ವೇದದಲ್ಲಿ ಗುಲ್ಮವೆಂದರೆ ಹೊಟ್ಟೆಯ ಗಂಟಿನ ರೋಗ, ಈ ಅಂಗಕ್ಕೆ ಪ್ಲೀಹವೆಂದೇ ಹೆಸರು. ಆದರೂ ರೂಢಿಯ ಮಾತನ್ನೇ ಇಲ್ಲಿ ಬಳಸಿದ್ದೇವೆ. ಎಡಪಕ್ಕೆಲುಬುಗಳ ಮರೆಯಲ್ಲಿ ಮುಷ್ಟಿಯಷ್ಟಿರುವ ಈ ಅಂಗವು ಈ ಬೇನೆಯ ಅರ್ಧದಷ್ಟು ರೋಗಿಗಳಲ್ಲಾದರೂ ಊದಿಕೊಂಡು ಮೆತ್ತಗಾಗುತ್ತದೆ. ಒಡೆಯುವುದು ಅಪರೂಪ, ನೂರರಲ್ಲಿ ಒಬ್ಬರಿಗೂ ಇಲ್ಲ. ಒಡೆದರೆ ಮಾತ್ರ ಒಳಗೇ ರಕ್ತ ಸುರಿದು ಪ್ರಾಣಕ್ಕೆ ಎರವಾಗಬಹುದು. ಮೊದಲ ಮೂರು ವಾರಗಳಲ್ಲಿ ಅಪಾಯ ಹೆಚ್ಚು.

ಆದುದರಿಂದ ಜ್ವರ ಬಿಟ್ಟಿತೆಂದು ಹುಡುಗನನ್ನು ಮರುದಿನವೇ ಗರಡಿಮನೆಗೆ ಕಳಿಸಲಾಗದು. ಕುಸ್ತಿ, ಕಬಡ್ಡಿ, ಭಾರ ಎತ್ತುವುದು ಬೇನೆ ಆರಂಭವಾದಂದಿನಿಂದ ಕನಿಷ್ಠ ಮೂರು-ನಾಲ್ಕು ವಾರ ಬೇಡ. ಆಮೇಲೂ ವೈದ್ಯರ ಒಪ್ಪಿಗೆ ಬೇಕು. ಗರಡಿಯ ಹುಡುಗರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು. ಇನ್ನು ಹೊಟ್ಟೆನೋವೆಂದರೆ ‘ಬಟ್ಟಿ ಜಾರಿದೆ’ ಎಂದು ಹೊಟ್ಟೆ ತಿಕ್ಕಿಸುವ ರೂಢಿ. ಊದಿದ ಗುಲ್ಮದ ಮೇಲೆ ಬೀಳುವ ಆ ಒತ್ತಡ ಹೊಡೆತಕ್ಕಿಂತ ಕಡಿಮೆಯದಲ್ಲ; ಅದನ್ನು ಖಂಡಿತ ಮಾಡಿಸಬಾರದು. ಮಲಬದ್ಧತೆಯಾಗದಂತೆಯೂ ನೋಡಿಕೊಳ್ಳಬೇಕು.

ಎಡಹೊಟ್ಟೆಯ ಮೇಲ್ಭಾಗದಲ್ಲಿ ಹಠಾತ್ ನೋವು, ಕಾರಣವಿಲ್ಲದೆ ಎಡಭುಜದ ನೋವು, ತಲೆಸುತ್ತು, ಬೆವರು, ಮುಖ ಬಿಳಿಚುವಿಕೆ ಕಂಡರೆ ಬೆಳಗಿನವರೆಗೆ ಕಾಯದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದ್ದೇ ಇದೆ.

ಮಲೇರಿಯಾ, ವಿಷಮಶೀತಜ್ವರಗಳಲ್ಲಿಯೂ ಗುಲ್ಮ ಊದುವುದರಿಂದ ರಕ್ತಪರೀಕ್ಷೆಯಿಲ್ಲದೆ ಹೆಸರಿಡುವುದು ಸಲ್ಲದು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಅಮಾಕ್ಸಿಸಿಲಿನ್ ವೈರಾಣುವಿಗೆ ನಾಟದು. ಈ ಬೇನೆಯಲ್ಲಿ ಅದು ಮೈತುಂಬ ಗಂಧೆ ಎಬ್ಬಿಸುವುದುಂಟು. ಗುಲ್ಮವನ್ನು ತೆಗೆಯಬೇಕಾಗಿ ಬಂದವರು ನ್ಯುಮೋಕಾಕಸ್, ಮೆನಿಂಗೋಕಾಕಸ್ ಮೊದಲಾದ ಲಸಿಕೆಗಳನ್ನು ತಪ್ಪದೆ ಹಾಕಿಸಿಕೊಳ್ಳಬೇಕು, ಮುಂದೆ ಯಾವ ಜ್ವರ ಬಂದರೂ ಅಂದೇ ವೈದ್ಯರನ್ನು ಕಾಣಬೇಕು.