ಜೇಕಿಗೆಲ್ಲ ಜೌಗು ಬೇಕಿಲ್ಲ

ಕಲ್ಲು ಜೋಡಿಸಿ, ಸಂದುಗಳಲ್ಲಿ ಬೆಟ್ಟದ ಗಿಡ ಬೆಳೆಸುವ ಹವ್ಯಾಸ ಬ್ರಿಟನ್ನಿನಲ್ಲಿ ಹಳೆಯದು. ಲಂಡನ್ನಿನ ಕ್ಯೂ ಉದ್ಯಾನದ ಶಿಲಾತೋಟವೇ 1882ರದ್ದು. ಇಷ್ಟು ಕಾಲ ಕಳೆದರೂ ಒಂದು ನಂಬಿಕೆ ಮಾತ್ರ ಅಲ್ಲಾಡಿಲ್ಲ: ಜೇಕು ಕೆಸರಿನ ಗಿಡ, ಅದರ ಬುಡ ಸದಾ ಒದ್ದೆಯಾಗಿರಬೇಕು. ಈ ಮಾತು ನಂಬಿ ನೀರು ಸುರಿದವರ ತೋಟಗಳಲ್ಲಿ ಅಪರೂಪದ ಗಿಡಗಳು ಕೊಳೆತು ಸಾಯುವುದನ್ನು ಕಂಡರೆ ಸಂಕಟವಾಗುತ್ತದೆ.

ಕೇರೆಕ್ಸ್ ಎಂಬ ಒಂದೇ ಕುಲದಲ್ಲಿ ಸುಮಾರು 2,000 ಬಗೆಯ ಜೇಕುಗಳಿವೆ. ಕೆರೆಯಂಚಿನವು ಇವೆ, ಒಣ ಕಾಡಿನವು ಇವೆ, ಬಂಡೆಯ ಬಿರುಕಿಗೆ ಕಚ್ಚಿಕೊಂಡವೂ ಇವೆ. ಶಿಲಾತೋಟದವರು ಆಸೆಪಟ್ಟು ತರುವ ಕೇರೆಕ್ಸ್ ಫರ್ಮಾ ಈ ಕೊನೆಯ ಗುಂಪಿನದು. ಆಲ್ಪ್ಸ್‌ನ ಸುಣ್ಣಕಲ್ಲಿನ ಏಣುಗಳಲ್ಲಿ, ಬೆರಳಾಳದ ಮಣ್ಣೂ ಇಲ್ಲದ ಕಡೆ, ಗಾಳಿಗೆ ಎದೆಯೊಡ್ಡಿ ಬಿರುಸಾದ ಮೊನಚು ಎಲೆಗಳ ದಿಂಬಿನಂತೆ ಹಬ್ಬುತ್ತದೆ. ಅಲ್ಲಿ ಬಿದ್ದ ಮಳೆ ನಿಲ್ಲುವುದಿಲ್ಲ, ಇಳಿದು ಹೋಗುತ್ತದೆ. ಚಳಿಗಾಲದಲ್ಲಂತೂ ನೀರೆಲ್ಲ ಹೆಪ್ಪುಗಟ್ಟಿರುತ್ತದೆ. ಇಂಗ್ಲೆಂಡಿನ ತಗ್ಗುನಾಡಿನ ಚಳಿಗಾಲ ಹಾಗಲ್ಲ, ತಿಂಗಳುಗಟ್ಟಲೆ ಜಿಟಿಜಿಟಿ ಮಳೆ. ಕೊರೆಯುವ ಚಳಿಯನ್ನು ಸಲೀಸಾಗಿ ತಡೆಯುವ ಗಿಡ ಬುಡದಲ್ಲಿ ನಿಂತ ನೀರಿಗೆ ಸೋಲುತ್ತದೆ.

ಹಾಗೆಂದು ಇದು ಮರಳುಗಾಡಿನ ಗಿಡವೂ ಅಲ್ಲ. ಬಂಡೆಯ ಬಿರುಕಿನ ಆಳದಲ್ಲಿ ಬೇಸಿಗೆಯಲ್ಲೂ ತಂಪು ಇರುತ್ತದೆ, ಬೇರು ಅದನ್ನೇ ಹುಡುಕಿ ಇಳಿಯುತ್ತದೆ. ಬೇಕಾದದ್ದು ಅರ್ಧಕ್ಕಿಂತ ಹೆಚ್ಚು ಜಲ್ಲಿ ಬೆರೆತ ಮಣ್ಣು, ಬುಡದ ಸುತ್ತ ಚಿಕ್ಕ ಕಲ್ಲಿನ ಹೊದಿಕೆ, ಬೇಸಿಗೆಯಲ್ಲಿ ಆಳಕ್ಕಿಳಿಯುವಷ್ಟು ನೀರು. ಅಷ್ಟು ಸಿಕ್ಕರೆ ಈ ಗಿಡ ಅವಸರವಿಲ್ಲದೆ, ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಅಗಲವಾಗುತ್ತದೆ. ಎತ್ತರದ ಜೇಕುಗಳ ಬಾಳಿಕೆ ದೊಡ್ಡದು: ಸ್ವಿಸ್ ಆಲ್ಪ್ಸ್‌ನ ಕೇರೆಕ್ಸ್ ಕರ್ವುಲಾದ ಒಂದೇ ಬುಡದಿಂದ ಹಬ್ಬಿದ ಹಾಸಿಗೆ ಸುಮಾರು 2,000 ವರ್ಷದ್ದೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ.

ತಪ್ಪು ಹುಟ್ಟಿದ್ದೆಲ್ಲಿ ಎಂದು ಊಹಿಸುವುದು ಕಷ್ಟವಲ್ಲ. ತೋಟಗಳಲ್ಲಿ ಮೊದಲು ಹೆಸರಾದ ಜೇಕುಗಳಲ್ಲಿ 'ಬೌಲ್ಸ್ ಗೋಲ್ಡನ್' ಒಂದು. ಹೊಂಬಣ್ಣದ ಆ ತಳಿ ನಿಜಕ್ಕೂ ಜೌಗಿನದೇ. ಅದರ ಅಗತ್ಯವನ್ನು ಇಡೀ ಕುಲಕ್ಕೆ ಹಚ್ಚಿದರು. ಒಬ್ಬರ ಚೀಟಿ ನೋಡಿ ಇನ್ನೊಬ್ಬರು ಬರೆದರು, ಗಿಡ ಎಲ್ಲಿಂದ ಬಂತೆಂದು ಕೇಳಿದವರು ಕಡಿಮೆ. ಕುಂಡದಿಂದ ಬಿಡಿಸಿ ಬೇರು ನೋಡುವ ಮೊದಲೇ ಅಚ್ಚಾದ ಅಕ್ಷರ ನಂಬುವ ಈ ಅಭ್ಯಾಸ ತೋಟಗಾರಿಕೆಗೆ ಮಾಡಿದ ಹಾನಿ ಯಾವ ಕೀಟದ್ದಕ್ಕೂ ಕಡಿಮೆಯಲ್ಲ. ಅಷ್ಟಕ್ಕೂ ನಮ್ಮ ಒಣ ಹೊಲಗಳಲ್ಲಿ ಪೀಡೆಯಾಗಿ ನಿಂತಿರುವ ಕೊನ್ನಾರಿ ಯಾವ ಕುಟುಂಬದ್ದು? ಜೇಕಿನದೇ.

ಕೊನ್ನಾರಿಯಂತೆ ಎಲ್ಲ ಜೇಕೂ ತೋಟ ನುಂಗುತ್ತದೆ ಎಂಬುದೂ ಸುಳ್ಳು: ಫರ್ಮಾಕ್ಕೆ ಗೆಡ್ಡೆಯಿಲ್ಲ, ಹಬ್ಬುವ ಆತುರವೂ ಇಲ್ಲ. ನ್ಯೂಜಿಲೆಂಡಿನ ಕೇರೆಕ್ಸ್ ಬುಕನಾನಿ ಕಂದಿದೆಯೆಂದು ಕಿತ್ತೆಸೆಯುವವರು ತಿಳಿಯಬೇಕು, ಆ ತಾಮ್ರದ ಬಣ್ಣ ಅದರ ಜೀವಂತ ಎಲೆಯದು. ವರ್ಷವಿಡೀ ಎಲೆ ಉಳಿಸಿಕೊಳ್ಳುವ ಇಂಥ ಜೇಕುಗಳನ್ನು ಬುಡಮಟ್ಟ ಕತ್ತರಿಸಬಾರದು. ಒಣಗಿದ ಎಳೆಗಳನ್ನು ಬೆರಳಿನಿಂದ ಬಾಚಿ ತೆಗೆದರೆ ಸಾಕು.