ಮೇಲ್ಮನೆಯ ಸೈಕಲ್, ಕೆಳಮನೆಯ ನಿದ್ದೆ

ಜೂನ್ ಬಂತೆಂದರೆ ದುಬೈ, ಅಬುಧಾಬಿಯ ಸೈಕಲ್‌ಗಳು ಮನೆಯೊಳಗೆ ಬರುತ್ತವೆ. ಅಲ್ ಖುದ್ರಾದ 80 ಕಿ.ಮೀ.ಗೂ ಉದ್ದದ ಟ್ರ್ಯಾಕ್ ಎಲ್ಲಿಗೂ ಹೋಗಿರುವುದಿಲ್ಲ. ಆದರೆ ಬೆಳಿಗ್ಗೆ ಏಳಕ್ಕೇ ಬಿಸಿಗಾಳಿ ಮುಖಕ್ಕೆ ಹೊಡೆಯುವಾಗ, ಮಧ್ಯಾಹ್ನ 40 ಡಿಗ್ರಿ ದಾಟುವಾಗ ಅಲ್ಲಿಗೆ ಹೋಗುವವರು ಯಾರು? ಹಾಲ್‌ನ ಮೂಲೆಯಲ್ಲೊಂದು ಟ್ರೈನರ್, ಅದಕ್ಕೆ ಸಿಕ್ಕಿಸಿದ ಸೈಕಲ್, ಎದುರಿಗೆ ಟಿವಿ. 2020ರ ಏಪ್ರಿಲ್‌ನಲ್ಲಿ ದುಬೈ ಬಾಗಿಲು ಹಾಕಿಕೊಂಡು ಕೂತಿದ್ದಾಗ ಹಲವರಿಗೆ ಅಂಟಿದ ಅಭ್ಯಾಸ ಇದು. ಅಬುಧಾಬಿಯದ್ದೇ ಆದ ಮೈವೂಶ್ ಆ್ಯಪ್ ಉಚಿತವಾಗಿ ಸಿಗುವುದರಿಂದ ಇನ್ನಷ್ಟು ಜನ ಸೇರಿಕೊಂಡರು. 2024ರ ಅಕ್ಟೋಬರ್‌ನಲ್ಲಿ ಯುಸಿಐ ಸೈಕ್ಲಿಂಗ್ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್‌ನ ಫೈನಲ್ ನಡೆದದ್ದೂ ಅಬುಧಾಬಿಯಲ್ಲೇ, ಇದೇ ಆ್ಯಪ್ ಮೇಲೆ.

ಆ ಸ್ಪರ್ಧಿಗಳ ಕೆಳಗಿನ ಮಹಡಿಯಲ್ಲಿ ಯಾರದೋ ಎಂಟು ತಿಂಗಳ ಮಗು ಮಲಗಿರಲಿಲ್ಲ. ನಿಮ್ಮ ಕೆಳಗೆ ಮಲಗಿರಬಹುದು.

ವಾಚ್‌ಮನ್ ಬಂದು ಬೆಲ್ ಮಾಡಿ, "ಕೆಳಗಿನವರು ಏನೋ ಮೆಷಿನ್ ಓಡುತ್ತಿದೆ ಅನ್ನುತ್ತಿದ್ದಾರೆ" ಎಂದರೆ ನಿಮಗೆ ಆಶ್ಚರ್ಯವಾಗುತ್ತದೆ. ಈ ಟ್ರೈನರ್ ಸದ್ದೇ ಮಾಡುವುದಿಲ್ಲವಲ್ಲ! ಪೆಟ್ಟಿಗೆಯ ಮೇಲೆ ಇಷ್ಟೇ ಡೆಸಿಬೆಲ್ ಎಂದು ಬರೆದಿತ್ತಲ್ಲ! ಅದು ಸುಳ್ಳಲ್ಲ. ಆದರೆ ಆ ಲೆಕ್ಕ ಗಾಳಿಯಲ್ಲಿ ಬರುವ ಸದ್ದಿನದು. ಕೆಳಗಿನವರಿಗೆ ಮುಟ್ಟುವುದು ನೆಲದಲ್ಲಿ ಇಳಿಯುವ ನಡುಕ. ತಂಬೂರಿಯ ತಂತಿಯನ್ನು ಬರೀ ಗಾಳಿಯಲ್ಲಿ ಎಳೆದು ಹಿಡಿದು ಮೀಟಿದರೆ ಎಷ್ಟು ಕೇಳಿಸೀತು? ಬುರುಡೆಗೆ ಸೇರಿದಾಗಲೇ ಅದು ತುಂಬಿಕೊಳ್ಳುವುದು. ನಿಮ್ಮ ಟ್ರೈನರ್ ತಂತಿ, ಕಾಂಕ್ರೀಟ್ ಸ್ಲ್ಯಾಬ್ ಬುರುಡೆ. ಇಲ್ಲಿನ ಫ್ಲಾಟ್‌ಗಳಲ್ಲಿ ಕಾರ್ಪೆಟ್ ಕಡಿಮೆ. ಸ್ಲ್ಯಾಬಿಗೆ ನೇರವಾಗಿ ಅಂಟಿಸಿದ ಟೈಲ್ಸ್ ನಡುಕವನ್ನು ತಡೆಯುವುದೇ ಇಲ್ಲ. ಕೆಳಗಿನವರ ಜಿಪ್ಸಂ ಫಾಲ್ಸ್ ಸೀಲಿಂಗ್ ಅದಕ್ಕೆ ಇನ್ನೊಂದು ಬುರುಡೆ.

ಈ ನಡುಕದಲ್ಲಿ ಎರಡು ಬಗೆ. ಫ್ಲೈವೀಲ್, ಬೆಲ್ಟ್, ಚೈನ್ ತಿರುಗುವಾಗಿನ ಗುಂಯ್ ಅನ್ನುವುದು ಒಂದು. ನಿಮ್ಮ ಕಾಲಿನದು ಇನ್ನೊಂದು. ನಿಮಿಷಕ್ಕೆ 90 ಸುತ್ತು ಪೆಡಲ್ ತುಳಿದರೆ ಎರಡು ಕಾಲೂ ಸೇರಿ 180 ಒತ್ತು, ಅಂದರೆ ಸೆಕೆಂಡಿಗೆ ಮೂರು. ಮೊದಲನೆಯದನ್ನು ರಬ್ಬರ್ ತಡೆಯುತ್ತದೆ. ಎರಡನೆಯದನ್ನು ಮನೆಯಲ್ಲಿ ಹಾಸಬಹುದಾದ ಯಾವ ರಬ್ಬರೂ ಸರಿಯಾಗಿ ತಡೆಯುವುದಿಲ್ಲ. ಅದಕ್ಕೆ ತುಳಿಯುವ ರೀತಿಯೇ ಬದಲಾಗಬೇಕು: ಸೀಟಿನ ಮೇಲೆ ಕೂತು ಒಂದೇ ಸಮನೆ ತುಳಿಯಿರಿ. ಎದ್ದು ನಿಂತು ಜಗ್ಗುವ ಸ್ಪ್ರಿಂಟ್‌ಗಳನ್ನು ಕೆಳಗಿನವರು ಮನೆಯಲ್ಲಿಲ್ಲದ ಹೊತ್ತಿಗೆ ಇಟ್ಟುಕೊಳ್ಳಿ.

ಒಂದು ಯೋಗ ಮ್ಯಾಟ್ ಹಾಸಿದರೆ ಸಾಕು ಎಂದುಕೊಂಡವರೇ ಹೆಚ್ಚು. ಅದು ಬೆವರು ನೆಲಕ್ಕೆ ಬೀಳದಂತೆ ತಡೆಯುತ್ತದೆ, ಟೈಲ್ಸ್‌ಗೆ ಗೀರು ಬೀಳದಂತೆ ನೋಡಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಅದರಿಂದ ನಿರೀಕ್ಷಿಸಬೇಡಿ. ಕೆಲಸಕ್ಕೆ ಬರುವುದು ಮೃದುವಾದದ್ದರ ಮೇಲೆ ಭಾರವಾದದ್ದನ್ನು ಇಡುವ ಉಪಾಯ. ವಾಷಿಂಗ್ ಮೆಷಿನ್ ಕಾಲಿಗೆ ಕೊಡುವ ದಪ್ಪ ರಬ್ಬರ್ ಪ್ಯಾಡ್‌ಗಳನ್ನು ನೆಲಕ್ಕಿಟ್ಟು, ಅವುಗಳ ಮೇಲೆ ಇಡೀ ಸೈಕಲ್ ಕೂರುವಷ್ಟು ದೊಡ್ಡ, 18 ಮಿ.ಮೀ.ಗೆ ಕಡಿಮೆಯಿಲ್ಲದ ಪ್ಲೈವುಡ್ ಹಲಗೆ, ಅದರ ಮೇಲೆ ಮ್ಯಾಟ್, ಆಮೇಲೆ ಟ್ರೈನರ್. ಹಲಗೆ ಭಾರವಾದಷ್ಟೂ ಒಳ್ಳೆಯದು. ಊರಿನ ಅಡುಗೆಮನೆಗಳಲ್ಲಿ ಗ್ರೈಂಡರ್ ಕೆಳಗೆ ಗೋಣಿತಾಟು ಮಡಿಸಿ ಹಾಕುತ್ತಿದ್ದದ್ದು ಇದೇ ಲೆಕ್ಕದಲ್ಲಿ. (ಶನಿವಾರ ರಾತ್ರಿ ಹತ್ತಕ್ಕೆ ದೋಸೆ ಹಿಟ್ಟು ರುಬ್ಬುವವರೂ ಈ ಸಾಲನ್ನು ಇನ್ನೊಮ್ಮೆ ಓದಬಹುದು.)

ಜಾಗವೂ ಮುಖ್ಯ. ಸ್ಲ್ಯಾಬ್ ಹೆಚ್ಚು ನಡುಗುವುದು ಕೋಣೆಯ ನಟ್ಟನಡುವೆ. ಕಂಬ, ತೊಲೆಗಳ ಹತ್ತಿರ ಕಡಿಮೆ. ಹಾಗಾಗಿ ಮೂಲೆಗೆ ಸರಿಸಿ, ಆದರೆ ಹ್ಯಾಂಡಲ್ಲಾಗಲಿ ಹಲಗೆಯಾಗಲಿ ಗೋಡೆಗೆ ತಾಗದಿರಲಿ. ಡೈರೆಕ್ಟ್ ಡ್ರೈವ್ ಟ್ರೈನರ್ ಇದ್ದು ಅದೇ ಪ್ರತಿರೋಧ ಹೊಂದಿಸಿಕೊಳ್ಳುವ ಎರ್ಗ್ ಮೋಡ್‌ನಲ್ಲಿ ತುಳಿಯುತ್ತೀರಾದರೆ, ಮುಂದಿನ ಚಿಕ್ಕ ಚೈನ್‌ರಿಂಗ್ ಬಳಸಿ. ಅಷ್ಟೇ ಶ್ರಮಕ್ಕೆ ಫ್ಲೈವೀಲ್ ನಿಧಾನ ತಿರುಗುತ್ತದೆ, ಸದ್ದು ಇಳಿಯುತ್ತದೆ. ಇದಕ್ಕೆ ಒಂದು ದಿರ್ಹಮ್ ಖರ್ಚಿಲ್ಲ. ಟೈರು ರೋಲರಿಗೆ ಉಜ್ಜುವ ಹಳೆಯ ಬಗೆಯ ಟ್ರೈನರ್ ಇದ್ದರೆ ಗಂಟು ಗಂಟಾದ ಟೈರ್ ತೆಗೆದು ನುಣುಪಿನದನ್ನು ಹಾಕಿ.

ಅಬುಧಾಬಿಯಲ್ಲಿ ವಿಲ್ಲಾವನ್ನು ಭಾಗ ಮಾಡಿ ಕೊಟ್ಟ ಮನೆಗಳಲ್ಲಿರುವವರ ಕಥೆ ಬೇರೆ. ಅಲ್ಲಿ ತೊಂದರೆ ಕೆಳಗಲ್ಲ, ಪಕ್ಕದಲ್ಲಿ. ನಡುವಿನದು ಬರೀ ಜಿಪ್ಸಂ ಗೋಡೆಯಾಗಿದ್ದರೆ ಟ್ರೈನರ್‌ಗಿಂತ ನಿಮ್ಮ ಟೇಬಲ್ ಫ್ಯಾನ್, ಟಿವಿಯ ಸದ್ದೇ ಆಚೆ ಹೋಗುತ್ತದೆ. ಆ ಗೋಡೆಯಿಂದ ದೂರ ಕೂತು ಹೆಡ್‌ಫೋನ್ ಹಾಕಿ. ಮಲಗುವ ಕೋಣೆಯಲ್ಲಿ ಸತತ ಸದ್ದು 30 ಡೆಸಿಬೆಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲೇ ಹೇಳಿದೆ. ಜೋರಾಗಿ ತಿರುಗುವ ಫ್ಯಾನ್ ಒಂದೇ ಸಾಕು ಅದನ್ನು ದಾಟಲು. ನಿಮ್ಮ ಮಕ್ಕಳ ಕೋಣೆಗೂ ಇದೇ ಲೆಕ್ಕ.

ಇನ್ನು ಹೊತ್ತು. "ಹಗಲಲ್ಲಿ ತುಳಿದರೆ ಯಾರಿಗೇನು" ಎನ್ನುವ ಮಾತು ಈ ಊರಿಗೆ ಹೊಂದುವುದಿಲ್ಲ. ಕೆಳಗಿನ ಮನೆಯಾಕೆ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಮಲಗುವ ನರ್ಸ್ ಆಗಿರಬಹುದು, ವಿಮಾನದ ಸಿಬ್ಬಂದಿಯಾಗಿರಬಹುದು. ರಂಜಾನ್ ತಿಂಗಳಲ್ಲಿ ಎಷ್ಟೋ ಮನೆಗಳ ಗಡಿಯಾರವೇ ತಿರುವುಮುರುವು. ನಾವು ಶಾಲಾ ಬಸ್ಸಿಗೆ ಮುಂಚೆ ಮುಗಿಸೋಣವೆಂದು ಸೈಕಲ್ ಏರುವ ಹೊತ್ತಿಗೆ ಅವರು ಸಹರಿ ಮುಗಿಸಿ ಆಗಷ್ಟೇ ಕಣ್ಣು ಮುಚ್ಚಿರಬಹುದು. ಕೇಳದೆ ಇದೆಲ್ಲ ಗೊತ್ತಾಗುವುದಿಲ್ಲ.

ಆದ್ದರಿಂದ ಹಲಗೆ ಕೊಳ್ಳುವ ಮೊದಲೇ ಒಮ್ಮೆ ಕೆಳಗೆ ಹೋಗಿ ಬನ್ನಿ. ಕೈಯಲ್ಲೊಂದು ಡಬ್ಬಿ ಚಕ್ಕುಲಿ ಇದ್ದರೆ ಮಾತು ಸಲೀಸು. ಅವರು ಕೇರಳದವರೋ ಫಿಲಿಪೀನ್ಸಿನವರೋ ಈಜಿಪ್ಟಿನವರೋ, ಚಕ್ಕುಲಿ ಬೇಡ ಎಂದವರು ಕಡಿಮೆ. ಹಾಲ್‌ನ ಕೆಳಗೆ ಅವರ ಯಾವ ಕೋಣೆ ಬರುತ್ತದೆ, ಮಗು ಯಾವಾಗ ಮಲಗುತ್ತದೆ ಎಂದು ಕೇಳಿ. ಅವರು ಒಪ್ಪಿದರೆ ಮನೆಯವರಿಗೆ ಹತ್ತು ನಿಮಿಷ ಸೈಕಲ್ ತುಳಿಯಲು ಹೇಳಿ, ನೀವೇ ಅವರ ಕೋಣೆಯಲ್ಲಿ ಕೂತು ಆಲಿಸಿ. ಯಾವ ಗೇರ್‌ನಲ್ಲಿ, ಯಾವ ವೇಗದಲ್ಲಿ ಸೀಲಿಂಗ್ ಗುಂಯ್‌ಗುಟ್ಟುತ್ತದೆ ಎಂಬುದು ಅಲ್ಲಿ ತಿಳಿದಷ್ಟು ಫೋನಿನ ಯಾವ ಡೆಸಿಬೆಲ್ ಆ್ಯಪ್‌ನಿಂದಲೂ ತಿಳಿಯದು. ಹಲಗೆ ಹಾಕಿದ ಮೇಲೆ ಇನ್ನೊಮ್ಮೆ ಹೋಗಿ ಕೇಳಿ.

ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಸದ್ದು ಕಡಿಮೆಯಾದ ಟ್ರೈನರ್‌ನಲ್ಲಿ ಒಂದು ಅಪಾಯವಿದೆ. ನೀವು ಕಾಲು ನಿಲ್ಲಿಸಿದ ಮೇಲೂ ಫ್ಲೈವೀಲ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಸದ್ದಿಲ್ಲದ್ದರಿಂದ ನಿಂತಂತೆಯೇ ಕಾಣುತ್ತದೆ. ಚೈನು, ಹಲ್ಲಿನ ಚಕ್ರಗಳು ಇರುವುದು ಸರಿಯಾಗಿ ಆ ಪುಟ್ಟ ಬೆರಳುಗಳ ಎತ್ತರಕ್ಕೆ. ತುಳಿಯುವಾಗ ಕೋಣೆಯ ಬಾಗಿಲು ಹಾಕಿರಲಿ, ಚಕ್ರ ಪೂರ್ತಿ ನಿಂತ ಮೇಲೆಯೇ ತೆರೆಯಿರಿ.