ಗುಂಯ್‌ಗುಡುವ ಕಂಪ್ಯೂಟರ್ ಮತ್ತು ಕೆಡುವ ನಿದ್ದೆ

ಅರವತ್ತೆಂಟು ವರ್ಷದ ಆ ತಾಯಿಯನ್ನು ಮಗ ನನ್ನ ಬಳಿ ಕರೆತಂದದ್ದು ನಿದ್ದೆ ಮಾತ್ರೆ ಬರೆಸಿಕೊಂಡು ಹೋಗಲು. ರಕ್ತದೊತ್ತಡ ತುಸು ಏರಿದ್ದುದು ಬಿಟ್ಟರೆ ಬೇರೆ ತೊಂದರೆ ಕಾಣಲಿಲ್ಲ. ನಿದ್ದೆ ಯಾವಾಗ ಕೆಡುತ್ತದೆ ಎಂದು ಕೇಳಿದೆ. "ಮೊಮ್ಮಗ ಆ ಪೆಟ್ಟಿಗೆ ಹಚ್ಚಿದ ಮೇಲೆ ಡಾಕ್ಟ್ರೇ. ಹಿಟ್ಟಿನ ಗಿರಣಿ ಪಕ್ಕ ಮಲಗಿದ ಹಾಗಾಗುತ್ತೆ" ಎಂದರು. ಎರಡು ಕೋಣೆಯ ಮನೆ. ಇಂಜಿನಿಯರಿಂಗ್ ಓದುವ ಮೊಮ್ಮಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ತಾನೇ ಜೋಡಿಸಿದ ಕಂಪ್ಯೂಟರ್ ಅಜ್ಜಿಯ ಮಂಚದಿಂದ ಮೂರಡಿ ದೂರದಲ್ಲಿತ್ತು. ಅಂದು ನಾನು ನಿದ್ದೆ ಮಾತ್ರೆ ಬರೆಯಲಿಲ್ಲ. ಮೊದಲು ಪೆಟ್ಟಿಗೆ ಬಿಚ್ಚಿ ಧೂಳು ತೆಗೆಯಲಿ ಎಂದು ಹೇಳಿ ಕಳಿಸಿದೆ.

ಇಂಥ ಸದ್ದಿನಿಂದ ಕಿವಿ ಕೆಡುತ್ತದೆಯೇ ಎಂದು ಕೆಲವರು ಕೇಳುವುದುಂಟು. ಇಲ್ಲ. ಸುಮಾರು 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆಯಂತೆ ಬಹುಕಾಲ ಕೇಳಿದರೆ ಶ್ರವಣಶಕ್ತಿ ಕುಗ್ಗುವ ಭಯವಿದೆ. ನಾವು ಆಡುವ ಮಾತು 60ರ ಆಸುಪಾಸು. ಮನೆಯ ಕಂಪ್ಯೂಟರ್ ಸಾಮಾನ್ಯವಾಗಿ ಅದಕ್ಕೂ ಕೆಳಗೆ. ಆದರೆ ನಿದ್ದೆಯ ಲೆಕ್ಕವೇ ಬೇರೆ. ಮಲಗುವ ಕೋಣೆಯೊಳಗಿನ ನಿರಂತರ ಶಬ್ದ 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿಯೇ ಸೂಚಿಸಿತ್ತು. ನಾವು ಮಲಗಿದರೂ ಕಿವಿ ಮಲಗುವುದಿಲ್ಲ. ಎಚ್ಚರವಾಗದಿದ್ದರೂ ಸದ್ದಿಗೆ ಹೃದಯದ ಬಡಿತ ಏರುತ್ತದೆ, ಗಾಢನಿದ್ದೆ ತೆಳುವಾಗುತ್ತದೆ. ಒಂದೇ ಸಮನೆ ಬರುವ ಸದ್ದಿಗಿಂತ ಏರುತ್ತ ಇಳಿಯುತ್ತ ಬರುವ ಸದ್ದು ಹೆಚ್ಚು ಕಾಡುತ್ತದೆ.

ಇನ್ನೊಂದು ಅಪಾಯವನ್ನು ತಾಯಿತಂದೆಯರು ಗಮನಿಸುವುದೇ ಇಲ್ಲ. ಫ್ಯಾನಿನ ಸದ್ದು ಮುಚ್ಚಲು ಹುಡುಗರು ಹೆಡ್‌ಫೋನಿನ ಧ್ವನಿ ಏರಿಸುತ್ತಾರೆ. ಕಿವಿ ಕೆಡುವುದು ಅಲ್ಲಿ. ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 75 ಎಂಬುದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ.

ಹಾಗಾದರೆ ಸದ್ದು ಏಕೆ? ಜ್ವರಕ್ಕೆ ಮೂಲ ಹುಡುಕುವಂತೆ ಇಲ್ಲಿಯೂ ಮೂಲ ಹುಡುಕಬೇಕು. ಕಂಪ್ಯೂಟರ್ ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಪ್ರೊಸೆಸರಿನ ಮೇಲೆ ಕೂರಿಸಿದ ಲೋಹದ ರೆಕ್ಕೆಗಳು ಆ ಶಾಖವನ್ನು ಹೀರುತ್ತವೆ, ಫ್ಯಾನು ಅದನ್ನು ಹೊರಗೆ ತಳ್ಳುತ್ತದೆ. ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕೂತರೆ ಶಾಖ ಏರುತ್ತದೆ, ಫ್ಯಾನು ಇನ್ನೂ ಜೋರಾಗಿ ತಿರುಗುತ್ತದೆ, ಇನ್ನಷ್ಟು ಧೂಳು ಎಳೆಯುತ್ತದೆ. ಆದ್ದರಿಂದ ತಂಪು ಮಾಡದೆ ಸದ್ದು ತಗ್ಗಿಸಲಾಗದು. ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸುವುದು, ಕಪಾಟಿನೊಳಗಿಟ್ಟು ಬಾಗಿಲು ಹಾಕುವುದು, ಇವು ಜ್ವರ ಬಂದವನಿಗೆ ರಗ್ಗು ಬಿಗಿದಂತೆ.

ಸ್ವಚ್ಛ ಮಾಡುವವರು ಮೊದಲು ಸ್ವಿಚ್ ಆರಿಸಿ, ಗೋಡೆಯಿಂದ ಪಿನ್ನು ಕೀಳಬೇಕು. ಪೆಟ್ಟಿಗೆಯನ್ನು ಅಂಗಳಕ್ಕೋ ಬಾಲ್ಕನಿಗೋ ಒಯ್ಯಿರಿ. ಆ ಧೂಳು ಉಬ್ಬಸ ಕೆರಳಿಸಬಲ್ಲದು. ಉಬ್ಬಸವಿರುವವರು ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು, ಉಳಿದವರೂ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ. ಒಣಗಿದ ಮೆತ್ತನೆಯ ಪೇಂಟ್ ಬ್ರಷ್ ಸಾಕು. ಒದ್ದೆ ಬಟ್ಟೆ ಖಂಡಿತ ಬೇಡ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲವಾದರೆ ಅದು ಗಿರಗಿರನೆ ತಿರುಗಿ ಬೇರಿಂಗ್ ಕೆಡಬಹುದು. ವಿದ್ಯುತ್ ಪೂರೈಸುವ ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಮಾತ್ರ ಬಿಚ್ಚಲೇಬಾರದು. ಪಿನ್ನು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಅದರ ಹೊಡೆತ ಪ್ರಾಣಾಪಾಯ ತರಬಹುದು. ಸದ್ದು ಆ ಡಬ್ಬಿಯದೇ ಆದರೆ ಡಬ್ಬಿಯನ್ನೇ ಬದಲಿಸಿ.

ಧೂಳು ತೆಗೆದರೂ ಶಾಖ ಇಳಿಯದಿದ್ದರೆ ಪ್ರೊಸೆಸರ್ ಮತ್ತು ಲೋಹದ ನಡುವಿನ ಪೇಸ್ಟ್ ಒಣಗಿರಬಹುದು. ಹಳೆಯದನ್ನು ಒರೆಸಿ ಬಟಾಣಿಕಾಳಿನಷ್ಟು ಹೊಸದನ್ನು ಹಚ್ಚಿದರೆ ಆಯಿತು. ಅಭ್ಯಾಸವಿಲ್ಲದವರು ಅಂಗಡಿಯವರಿಂದ ಮಾಡಿಸುವುದೇ ಲೇಸು.

ಫ್ಯಾನಿನ ವಿಷಯದಲ್ಲಿ ಚಿಕ್ಕದು ಚೊಕ್ಕದಲ್ಲ. 80 ಮಿಲಿಮೀಟರಿನ ಫ್ಯಾನು ಅರಚಿ ತಳ್ಳುವಷ್ಟು ಗಾಳಿಯನ್ನು 120 ಮಿಲಿಮೀಟರಿನದು ನಿಧಾನವಾಗಿ ತಿರುಗಿಯೇ ತಳ್ಳುತ್ತದೆ. ಒಂದೇ ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ವೇಗವನ್ನು ಶಾಖಕ್ಕೆ ತಕ್ಕಂತೆ ಹೊಂದಿಸುವ ಸೌಲಭ್ಯ ಬಯಾಸ್‌ನಲ್ಲಿ ಇರುತ್ತದೆ. ಮೊಮ್ಮಕ್ಕಳಿಗೆ ಗೊತ್ತಿರುತ್ತದೆ, ಕೇಳಿ ನೋಡಿ. ಸಮಾನ ಸದ್ದಿನ ಎರಡು ಫ್ಯಾನುಗಳಲ್ಲಿ ಒಂದನ್ನು ನಿಲ್ಲಿಸಿದರೆ ತಗ್ಗುವುದು ಬರೀ 3 ಡೆಸಿಬೆಲ್, ಕಿವಿಗೆ ಅಷ್ಟಾಗಿ ತಿಳಿಯದು. ಹೀಗಾಗಿ ಎಲ್ಲಕ್ಕಿಂತ ಹೆಚ್ಚು ಅರಚುವುದು ಯಾವುದೆಂದು ಪತ್ತೆಮಾಡಿ ಅದರಿಂದಲೇ ಆರಂಭಿಸಬೇಕು. ತಿರುಗುವ ಹಾರ್ಡ್ ಡಿಸ್ಕಿನ ನಡುಕ ಪೆಟ್ಟಿಗೆಗೆ, ಪೆಟ್ಟಿಗೆಯದು ಮೇಜಿಗೆ ದಾಟಿ ಮೇಜೇ ಗುನುಗುತ್ತಿದ್ದರೆ ರಬ್ಬರ್ ವಾಷರ್ ಹಾಕಿಸಿ. ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲವಾದ್ದರಿಂದ ಆ ಕಾಟವೂ ಇಲ್ಲ.

ಕೋಣೆಯ ಗಾಳಿಗಿಂತ ತಂಪಾಗಿ ಯಾವ ಫ್ಯಾನೂ ಇಡಲಾರದು. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಕಂಪ್ಯೂಟರ್ ಕೂಗಿದರೆ ಅದರದೇನೂ ತಪ್ಪಿಲ್ಲ. ಭಾರಿ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಪೆಟ್ಟಿಗೆಯ ಹಿಂಭಾಗಕ್ಕೂ ಗೋಡೆಗೂ ನಡುವೆ ಒಂದು ಗೇಣು ಜಾಗವಿರಲಿ.

ಮೂರು ವಾರದ ನಂತರ ಅಜ್ಜಿ ಮತ್ತೆ ಬಂದರು. ಪೆಟ್ಟಿಗೆಯಿಂದ ಒಂದು ಮುಷ್ಟಿ ಧೂಳು ಹೊರಬಂತಂತೆ. ಸದ್ದು ಇಳಿದರೂ ಪೂರ್ತಿ ಹೋಗಿರಲಿಲ್ಲ. ಕೊನೆಗೆ ಮೊಮ್ಮಗನೇ ಮೇಜನ್ನು ನಡುಮನೆಗೆ ಸಾಗಿಸಿದ್ದ. ನಿದ್ದೆ ಸುಧಾರಿಸಿತ್ತು. ರಕ್ತದೊತ್ತಡ ಮಾತ್ರ ಅಷ್ಟೇ ಇತ್ತು. ಅದಕ್ಕೆ ಮಾತ್ರೆ ಶುರುಮಾಡಬೇಕಾಯಿತು. ಕಂಪ್ಯೂಟರ್ ಆರಿಸಿದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುವುದು ನಿಲ್ಲದಿದ್ದರೆ ಅದು ಫ್ಯಾನಿನ ದೋಷವಲ್ಲ. ಅಂಥವರು ತಡಮಾಡದೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿಕೊಳ್ಳಬೇಕು.